ಪೋರ್ಷಿಯಾ: ಜೇಡದ ಬಲೆಗೇ ನುಗ್ಗುವ ಜೇಡ

ಜೇಡಗಳಲ್ಲಿ ಬಹುಪಾಲು ಕೀಟ ತಿಂದು ಬದುಕುವಂಥವು. ಪೋರ್ಷಿಯಾ ಕುಲದ ಜೇಡಗಳೂ ಸಿಕ್ಕಿದ ಕೀಟವನ್ನು ಬಿಡುವುದಿಲ್ಲ, ಆದರೆ ಅವುಗಳಿಗೆ ಅಚ್ಚುಮೆಚ್ಚು ಬೇರೆ ಜೇಡಗಳು. ಮೈಯುದ್ದ ಸಾಮಾನ್ಯವಾಗಿ 5ರಿಂದ 10 ಮಿಲಿಮೀಟರ್. ಅಷ್ಟು ಪುಟ್ಟ ಪ್ರಾಣಿ, ಕೆಲವೊಮ್ಮೆ ತನಗಿಂತ ದೊಡ್ಡದಾದ, ವಿಷದ ಕೋರೆಯಿರುವ ಇನ್ನೊಂದು ಬೇಟೆಗಾರನನ್ನು ಅದರ ಬಲೆಯೊಳಗೇ ಹೋಗಿ ಹಿಡಿಯುತ್ತದೆ. ಬಲೆ ಕಟ್ಟುವ ಜೇಡಗಳಿಗೆ ಸಾಮಾನ್ಯವಾಗಿ ಕಣ್ಣು ಮಂದ. ಎಳೆಗಳ ಕಂಪನದಿಂದಲೇ ಅವು ಸುತ್ತಲಿನ ಸುದ್ದಿ ತಿಳಿಯುತ್ತವೆ. ಹಾಗಾಗಿ ಬಲೆಯ ಮೇಲೆ ಕಾಲಿಟ್ಟ ಗಳಿಗೆಯಲ್ಲೇ ಒಳಗಿರುವ ಜೇಡಕ್ಕೆ ಯಾರೋ ಬಂದದ್ದು ಗೊತ್ತಾಗುತ್ತದೆ. ಲೆಕ್ಕ ತಪ್ಪಿದರೆ ಬೇಟೆಗೆ ಬಂದದ್ದೇ ಬೇಟೆಯಾಗಿ ಮುಗಿಯುತ್ತದೆ.

ಇಂಥ ಅಪಾಯದ ಬದುಕು ಈ ಜೇಡಗಳಲ್ಲಿ ಬೆಳೆಸಿರುವ ಸಾಮರ್ಥ್ಯಗಳು ಪ್ರಾಣಿವರ್ತನೆಯ ಸಂಶೋಧಕರನ್ನು 4 ದಶಕಗಳಿಂದ ಹಿಡಿದಿಟ್ಟಿವೆ. ಸುಳ್ಳು ಸಂಕೇತ ಕಳಿಸುವುದು, ಫಲಿಸದಿದ್ದರೆ ಬದಲಿಸಿ ನೋಡುವುದು, ದಾರಿಯನ್ನು ಮೊದಲೇ ಕಣ್ಣಿನಲ್ಲಿ ಅಳೆದು ಆಮೇಲೆ ಹೊರಡುವುದು, ಕಣ್ಮರೆಯಾದ ಬೇಟೆಯನ್ನು ನೆನಪಿಟ್ಟುಕೊಳ್ಳುವುದು. ಇವನ್ನೆಲ್ಲ ಒಟ್ಟಿಗೆ ಪೇರಿಸಿ ‘ಜಗತ್ತಿನ ಅತಿ ಜಾಣ ಜೇಡ’ ಎಂದು ಬರೆಯುವುದು ರೂಢಿಯಾಗಿದೆ. ಆ ಬಿರುದಿಗೆ ನನ್ನ ತಕರಾರಿಲ್ಲ. ಆದರೆ ಹಾಗೆ ಹೇಳುವಾಗ ಮುಖ್ಯವಾದದ್ದೊಂದು ಕೈತಪ್ಪಿ ಹೋಗುತ್ತದೆ: ಪೋರ್ಷಿಯಾ ಎನ್ನುವುದು ಸುಮಾರು 20 ಪ್ರಭೇದಗಳಿರುವ ಒಂದು ಕುಲ. ಒಂದು ಪ್ರಭೇದ ಮಾಡುವುದನ್ನು ಇನ್ನೊಂದು ಮಾಡದಿರಬಹುದು. ಒಂದೇ ಪ್ರಭೇದದಲ್ಲೂ ಒಂದು ಕಾಡಿನದು ಮಾಡುವುದನ್ನು ಮತ್ತೊಂದು ಕಾಡಿನದು ಮಾಡದಿರಬಹುದು. ಅದರ ಎದುರಿಗಿರುವ ಬೇಟೆ ಯಾವುದು ಎಂದು ಕೇಳದೆ ಅದರ ಜಾಣತನ ಅರ್ಥವಾಗುವುದಿಲ್ಲ.

ಮೊದಲು ಕುಲದ ಪರಿಚಯ. ಪೋರ್ಷಿಯಾ ಎಂಬ ಹೆಸರನ್ನು 1878ರಲ್ಲಿ ಕೊಟ್ಟವರು ಜರ್ಮನಿಯ ಜೇಡತಜ್ಞ ಫರ್ಡಿನಾಂಡ್ ಕಾರ್ಶ್. ಆಗ ಅವರ ಮುಂದಿದ್ದದ್ದು ಆಫ್ರಿಕಾದ ಪೋರ್ಷಿಯಾ ಶುಲ್ಟ್ಸಿ. ಈಗ ಪೋರ್ಷಿಯಾ ಫಿಂಬ್ರಿಯಾಟಾ ಎಂದು ಕರೆಯುವ ಪ್ರಭೇದವನ್ನು 1859ರಲ್ಲೇ ಡೋಲೆಶಾಲ್ ವಿವರಿಸಿದ್ದರು, ಆದರೆ ಬೇರೊಂದು ಕುಲದಲ್ಲಿ ಇಟ್ಟಿದ್ದರು. 1978ರಲ್ಲಿ ಫ್ರೆಡ್ ವಾನ್‌ಲೆಸ್ ಇಡೀ ಕುಲವನ್ನು ಮತ್ತೆ ಪರಿಶೀಲಿಸಿ ಪ್ರಭೇದಗಳನ್ನು ಒಪ್ಪವಾಗಿ ಬೇರ್ಪಡಿಸಿದರು. ಆಮೇಲೆ ಚೀನಾದಿಂದ ಹಲವು ಹೊಸ ಪ್ರಭೇದಗಳು ಸೇರಿಕೊಂಡವು. ಆಫ್ರಿಕಾದಿಂದ ಹಿಡಿದು ದಕ್ಷಿಣ ಮತ್ತು ಆಗ್ನೇಯ ಏಷ್ಯಾ ದಾಟಿ ಆಸ್ಟ್ರೇಲಿಯಾದವರೆಗೆ, ಹೆಚ್ಚಾಗಿ ಉಷ್ಣವಲಯದ ಕಾಡುಗಳಲ್ಲಿ ಇವು ಹರಡಿವೆ. ಪೋರ್ಷಿಯಾ ಲೇಬಿಯಾಟಾ ಭಾರತ, ಶ್ರೀಲಂಕಾದಿಂದ ಫಿಲಿಪ್ಪೀನ್ಸ್‌ವರೆಗೆ ಸಿಗುತ್ತದೆ. ಪೋರ್ಷಿಯಾ ಅಸಾಮೆನ್ಸಿಸ್ ಭಾರತದಿಂದ ಮಲೇಷ್ಯಾದವರೆಗೆ ಇದೆ. ಪೋರ್ಷಿಯಾ ಆಫ್ರಿಕಾನಾ ಹೆಸರೇ ಹೇಳುವಂತೆ ಆಫ್ರಿಕಾದ್ದು. ಹೊರನೋಟಕ್ಕೆ ಇವೆಲ್ಲ ತೀರ ಹೋಲುವುದರಿಂದ ತಜ್ಞರು ಪ್ರಭೇದ ಗುರುತಿಸುವುದು ಸೂಕ್ಷ್ಮದರ್ಶಕದಡಿ ಗಂಡು ಹೆಣ್ಣುಗಳ ಜನನಾಂಗದ ರಚನೆ ನೋಡಿ.

ಪೋರ್ಷಿಯಾ ಸೇರುವುದು ಜಿಗಿಯುವ ಜೇಡಗಳ ಕುಟುಂಬಕ್ಕೆ. 6,000ಕ್ಕೂ ಹೆಚ್ಚು ಪ್ರಭೇದಗಳಿರುವ ಇದು ಜೇಡಗಳ ಕುಟುಂಬಗಳಲ್ಲೆಲ್ಲ ದೊಡ್ಡದು. ಈ ಕುಟುಂಬದವು ಸಾಮಾನ್ಯವಾಗಿ ಬಲೆ ಕಟ್ಟುವುದಿಲ್ಲ. ಕಣ್ಣಿಟ್ಟು, ಹತ್ತಿರ ಸರಿದು, ಹಾರಿ ಹಿಡಿಯುತ್ತವೆ. ಪೋರ್ಷಿಯಾ ಇಲ್ಲೂ ಬೇರೆ. ಅದು ತಾನೂ ಬಲೆ ಕಟ್ಟುತ್ತದೆ, ಕೆಲವೊಮ್ಮೆ ಇನ್ನೊಂದು ಜೇಡದ ಬಲೆಗೆ ತಗುಲಿಸಿಯೇ ಕಟ್ಟುತ್ತದೆ. ಉಳಿದ ಜೇಡಗಳ ಬಲೆಯ ಮೇಲೆ ಅಂಟಿಕೊಳ್ಳದೆ ನಡೆಯುತ್ತದೆ. ಅಲ್ಲಿ ಸಿಕ್ಕಿಬಿದ್ದ ಕೀಟವನ್ನು ಕದಿಯುತ್ತದೆ, ಮೊಟ್ಟೆಗಳನ್ನು ತಿನ್ನುತ್ತದೆ, ಆಮೇಲೆ ಬಲೆ ಕಟ್ಟಿದ ಜೇಡವನ್ನೇ ತಿನ್ನುತ್ತದೆ.

ನೋಡಲು ಇದು ಜೇಡದಂತೆ ಕಾಣುವುದೇ ಇಲ್ಲ. ಕಾಲುಗಳ ತುಂಬ ಕಂದು ಬಣ್ಣದ ಕೂದಲಿನ ಅಂಚು, ಮೈಮೇಲೆ ಅಲ್ಲಲ್ಲಿ ಕೂದಲ ಗುಚ್ಛ. ಸುಮ್ಮನೆ ಕೂತಾಗ ಕಾಲುಗಳನ್ನು ಮೈಗೆ ಒತ್ತಿಕೊಂಡು, ಬಾಯಿಯ ಪಕ್ಕದ ಎರಡು ಸ್ಪರ್ಶಾಂಗಗಳನ್ನೂ ಒಳಕ್ಕೆ ಎಳೆದುಕೊಂಡುಬಿಡುತ್ತದೆ. ಆಗ ಬಲೆಗೆ ಸಿಕ್ಕಿದ ಒಣ ಎಲೆಯ ಚೂರು ಯಾವುದು, ಜೇಡ ಯಾವುದು ಎಂದು ಹೇಳುವುದು ಕಷ್ಟ. ನಡಿಗೆಯೂ ವಿಚಿತ್ರ: ಒಂದು ಕಾಲು ಎತ್ತಿ, ತಡೆದು, ಅದುರಿಸಿ, ಇಟ್ಟು, ಮತ್ತೆ ನಿಂತು. ಈ ತಡೆತಡೆದ ನಡಿಗೆಯಿಂದಾಗಿ ಅದು ಚಲಿಸುತ್ತಿದ್ದರೂ ಪ್ರಾಣಿ ಎನಿಸುವುದಿಲ್ಲ, ಕಸ ಅಲುಗಿದಂತೆ ಕಾಣುತ್ತದೆ.

ಕೊಳವೆಯೊಳಗಿನ ನೋಟ

ಇದರ ಬದುಕೆಲ್ಲ ನಿಂತಿರುವುದು ಮುಂದಿನ ಎರಡು ದೊಡ್ಡ ಕಣ್ಣುಗಳ ಮೇಲೆ. ಉಳಿದ ಆರು ಕಣ್ಣುಗಳು ಸುತ್ತಲಿನ ಚಲನೆಯನ್ನು ಗಮನಿಸುತ್ತವೆ. ಏನೋ ಅಲುಗಿತು ಎಂದು ಅವು ತಿಳಿಸಿದ ಮೇಲೆ ಜೇಡ ಅತ್ತ ತಿರುಗುತ್ತದೆ, ಅದೇನೆಂದು ನೋಡುವ ಕೆಲಸ ಮುಂದಿನ ಕಣ್ಣುಗಳದ್ದು. ಅವುಗಳ ಲೆನ್ಸ್ ಚಿಪ್ಪಿನ ಭಾಗವೇ ಆದ್ದರಿಂದ ಅಲುಗುವುದಿಲ್ಲ. ಅದರ ಹಿಂದೆ ಉದ್ದನೆಯ ಕೊಳವೆ, ಕೊಳವೆಯ ಕೊನೆಯಲ್ಲಿ ರೆಟಿನಾ. ಆ ಕೊಳವೆಯನ್ನು ಅತ್ತಿತ್ತ ಹೊರಳಿಸಲು ಆರು ಸ್ನಾಯುಗಳಿವೆ. ರೆಟಿನಾದ ಮುಂದಿರುವ ಒಂದು ಗುಳಿ ಎರಡನೆಯ ಲೆನ್ಸ್‌ನಂತೆ ಕೆಲಸ ಮಾಡಿ ಚಿತ್ರವನ್ನು ಹಿಗ್ಗಿಸುತ್ತದೆ ಎಂದು 1980ರಲ್ಲಿ ಡೇವಿಡ್ ವಿಲಿಯಮ್ಸ್ ಮತ್ತು ಪೀಟರ್ ಮ್ಯಾಕಿಂಟೈರ್ ಪೋರ್ಷಿಯಾದ ಕಣ್ಣಿನಲ್ಲೇ ತೋರಿಸಿದರು. ದೂರದ ದೃಶ್ಯ ಹಿಡಿಯುವ ಟೆಲಿಫೋಟೋ ಲೆನ್ಸ್‌ನಲ್ಲಿರುವುದೂ ಇದೇ ಏರ್ಪಾಡು.

ಫಲ ಏನು? ಕಣ್ಣು ಎಷ್ಟು ಸೂಕ್ಷ್ಮವಾದ ಅಂತರವನ್ನು ಬೇರ್ಪಡಿಸಿ ನೋಡಬಲ್ಲದು ಎನ್ನುವುದನ್ನು ಕೋನದಲ್ಲಿ ಅಳೆಯುತ್ತಾರೆ. ಕೋನ ಚಿಕ್ಕದಾದಷ್ಟೂ ನೋಟ ಚುರುಕು. ಮನುಷ್ಯರಿಗೆ ಇದು ಸುಮಾರು 0.007 ಡಿಗ್ರಿ. ಕೀಟಗಳಲ್ಲಿ ಅತಿ ಚುರುಕು ಕಣ್ಣಿನ ಡ್ರ್ಯಾಗನ್‌ಫ್ಲೈಗೆ 0.4 ಡಿಗ್ರಿ. ಪೋರ್ಷಿಯಾಕ್ಕೆ 0.04 ಡಿಗ್ರಿ. ಅಂದರೆ ಡ್ರ್ಯಾಗನ್‌ಫ್ಲೈನ ತಲೆ ತುಂಬುವಷ್ಟು ದೊಡ್ಡ ಕಣ್ಣಿಗಿಂತ ಈ ಜೇಡದ ಕಣ್ಣು 10 ಪಟ್ಟು ಉತ್ತಮ, ನಮ್ಮದಕ್ಕಿಂತ ಸುಮಾರು 6 ಪಟ್ಟು ಮಾತ್ರ ಕಡಿಮೆ.

ಇದಕ್ಕೆ ಜೇಡ ತೆರುವ ಬೆಲೆಯೂ ಇದೆ. ರೆಟಿನಾ ಬಹಳ ಕಿರಿದು, ಆದ್ದರಿಂದ ಒಮ್ಮೆಗೆ ಸ್ಪಷ್ಟವಾಗಿ ಕಾಣುವುದು ಒಂದು ಸಣ್ಣ ಸೀಳು ಮಾತ್ರ. ಕತ್ತಲ ಕೋಣೆಯಲ್ಲಿ ಸಣ್ಣ ಬೆಳಕಿನ ಟಾರ್ಚ್ ಆಡಿಸುತ್ತ ಗೋಡೆಯ ಮೇಲಿನ ದೊಡ್ಡ ಚಿತ್ರವನ್ನು ಅರ್ಥ ಮಾಡಿಕೊಳ್ಳುವಂತೆ, ಪೋರ್ಷಿಯಾ ಕೊಳವೆಗಳನ್ನು ಹೊರಳಿಸುತ್ತ ಎದುರಿಗಿರುವುದನ್ನು ತುಂಡು ತುಂಡಾಗಿ ನೋಡಿ ಕೂಡಿಸಿಕೊಳ್ಳಬೇಕು. ಇದಕ್ಕೆ ಹೊತ್ತು ಹಿಡಿಯುತ್ತದೆ. ಪೋರ್ಷಿಯಾದ ಬೇಟೆ ಗಂಟೆಗಟ್ಟಲೆ ನಡೆಯುವುದುಂಟು. ಸಣ್ಣ ಮಿದುಳಿನಿಂದ ಇಷ್ಟೆಲ್ಲ ಹೇಗೆ ಸಾಧ್ಯ ಎಂಬ ಪ್ರಶ್ನೆಗೆ ಉತ್ತರದ ಒಂದು ಭಾಗ ಇಲ್ಲೇ ಇದೆ ಎಂದು ನನಗನಿಸುತ್ತದೆ: ದೊಡ್ಡ ಮಿದುಳು ಕ್ಷಣದಲ್ಲಿ ಮುಗಿಸುವುದನ್ನು ಈ ಜೇಡ ನಿಧಾನವಾಗಿ, ಹೆಜ್ಜೆ ಹೆಜ್ಜೆಯಾಗಿ ಮಾಡುತ್ತದೆ.

ಬಲೆಯ ಮೇಲೆ

ನ್ಯೂಜಿಲೆಂಡ್‌ನ ಕ್ಯಾಂಟರ್‌ಬರಿ ವಿಶ್ವವಿದ್ಯಾಲಯದ ರಾಬರ್ಟ್ ಜಾಕ್ಸನ್ ಈ ಕುಲದ ಅಧ್ಯಯನಕ್ಕೆ ತಮ್ಮ ವೃತ್ತಿಜೀವನದ ದೊಡ್ಡ ಭಾಗವನ್ನೇ ಕೊಟ್ಟವರು. ಡೇವಿಡ್ ಬ್ಲೆಸ್ಟ್ ಜೊತೆ 1982ರಲ್ಲಿ ಅವರು ಪ್ರಕಟಿಸಿದ ಕ್ವೀನ್ಸ್‌ಲ್ಯಾಂಡ್‌ನ ಪೋರ್ಷಿಯಾ ಫಿಂಬ್ರಿಯಾಟಾದ ವಿವರಗಳಿಂದ ಈ ಜೇಡ ವಿಜ್ಞಾನಿಗಳ ಗಮನಕ್ಕೆ ಗಟ್ಟಿಯಾಗಿ ಬಂತು. ಬಲೆಯ ಅಂಚಿಗೆ ಬಂದ ಪೋರ್ಷಿಯಾ ಎಂಟು ಕಾಲು ಮತ್ತು ಎರಡು ಸ್ಪರ್ಶಾಂಗಗಳನ್ನು ಬೇರೆ ಬೇರೆ ಜೋಡಣೆಗಳಲ್ಲಿ ಬಳಸಿ ಎಳೆಗಳನ್ನು ಮೀಟುತ್ತದೆ, ಹೊಟ್ಟೆಯನ್ನೂ ಅದುರಿಸುತ್ತದೆ. ಬಲೆಯಲ್ಲಿರುವುದು ಸಣ್ಣ ಜೇಡವಾದರೆ ಕೀಟವೊಂದು ಸಿಕ್ಕಿಬಿದ್ದು ಒದ್ದಾಡುವ ಕಂಪನವನ್ನು ಹುಟ್ಟಿಸುತ್ತದೆ. ಊಟ ಬಂತೆಂದು ಆ ಜೇಡ ಓಡಿಬರುತ್ತದೆ. ದೊಡ್ಡ ಜೇಡವಾದರೆ ಹಾಗೆ ಓಡಿಬರುವುದೇ ಅಪಾಯ. ಅಲ್ಲಿ ಪೋರ್ಷಿಯಾ ಒಂದೇ ಬಗೆಯ ಮೆಲುವಾದ ಸಂಕೇತವನ್ನು ಬಿಡದೆ ಕಳಿಸುತ್ತ ಅದನ್ನು ಕೂತಲ್ಲೇ ಕೂರಿಸಿ, ತಾನು ಹತ್ತಿರ ಸರಿಯುತ್ತದೆ.

ಯಾವ ಜೇಡಕ್ಕೆ ಯಾವ ಸಂಕೇತ ಎನ್ನುವುದರಲ್ಲಿ ಒಂದಿಷ್ಟು ಹುಟ್ಟಿನಿಂದಲೇ ಬಂದಿರುತ್ತದೆ. ಪೋರ್ಷಿಯಾ ಸಾಮಾನ್ಯವಾಗಿ ತಿನ್ನುವ ಕೆಲವು ಜೇಡಗಳಿಗೆ ಗೊತ್ತಾದ ಸಂಕೇತಗಳಿವೆ, ಅವುಗಳಿಂದಲೇ ಶುರು ಮಾಡುತ್ತದೆ. ಗುರುತಿಲ್ಲದ ಜೇಡ ಎದುರಾದರೆ ಏನು ಗತಿ? ಜಾಕ್ಸನ್ ಮತ್ತು ಸ್ಟಿಮ್ ವಿಲ್ಕಾಕ್ಸ್ 1993ರಲ್ಲಿ ತೋರಿಸಿದ್ದು ಇದನ್ನು: ಪೋರ್ಷಿಯಾ ತರತರದ ಸಂಕೇತಗಳನ್ನು ಒಂದಾದ ಮೇಲೊಂದು ಮೀಟುತ್ತ ಹೋಗುತ್ತದೆ. ಯಾವುದಕ್ಕೆ ಎದುರಿನ ಜೇಡ ಬೇಕಾದಂತೆ ಅಲುಗಿತೋ ಅದನ್ನು ಹಿಡಿದು ಮತ್ತೆ ಮತ್ತೆ ಮೀಟುತ್ತದೆ. ಆ ಸಂಕೇತದ ಬಲ ಕುಂದಿದರೆ ಮತ್ತೆ ಹುಡುಕಾಟ. ಸಂಕೇತಗಳ ಭಂಡಾರ ಇಷ್ಟು ದೊಡ್ಡದಾಗಿರುವುದರಿಂದಲೇ ಈ ಪ್ರಯತ್ನಗಳಲ್ಲಿ ಒಂದು ಫಲಿಸುವ ಸಂಭವ ಹೆಚ್ಚು.

ನಡೆಯುವಾಗ ತನ್ನ ಹೆಜ್ಜೆಯ ಸದ್ದು ಮುಚ್ಚುವುದು ಇನ್ನೊಂದು ಸಮಸ್ಯೆ. ಗಾಳಿ ಬೀಸಿ ಇಡೀ ಬಲೆ ಅಲುಗುವಾಗ ಸಣ್ಣ ಕಂಪನಗಳು ಅದರೊಳಗೆ ಮುಳುಗಿಹೋಗುತ್ತವೆ. ಪೋರ್ಷಿಯಾ ಹೆಚ್ಚು ದೂರ ಸಾಗುವುದು ಆಗಲೇ ಎಂದು 1996ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು. ಬಲೆಯ ಹತ್ತಿರವೇ ಹೋಗಲಾಗದ ಸಂದರ್ಭಗಳೂ ಇವೆ. ಆರ್ಜಿಯೋಪೆ ಕುಲದ ಜೇಡಗಳು ಯಾರಾದರೂ ಬಂದರೆಂದು ತಿಳಿದೊಡನೆ ಬಲೆಯನ್ನೇ ಜೋರಾಗಿ ಕುಲುಕಿ ಬಂದವರನ್ನು ಉದುರಿಸುತ್ತವೆ. ಅಂಥಲ್ಲಿ ಪೋರ್ಷಿಯಾ ಹಿಂದೆ ಸರಿದು, ಸುತ್ತುದಾರಿಯಲ್ಲಿ ಮೇಲಕ್ಕೆ ಹತ್ತಿ, ತನ್ನದೇ ನೂಲಿನಲ್ಲಿ ಬಲೆಯ ಪಕ್ಕಕ್ಕೆ ಇಳಿಯುತ್ತದೆ. ಬಲೆಯನ್ನು ಮುಟ್ಟದೆ ಆರ್ಜಿಯೋಪೆಯ ಮಟ್ಟಕ್ಕೆ ಬಂದ ಮೇಲೆ ಮೈಯನ್ನು ತೂಗಿ ಅದರ ಮೇಲೆ ಬೀಳುತ್ತದೆ.

ಒಂದೇ ಪ್ರಭೇದ, ಬೇರೆ ಬೇರೆ ಕಾಡು

ಇನ್ನು ಈ ಕುಲದ ಬಗ್ಗೆ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಭಾಗ.

ಫಿಲಿಪ್ಪೀನ್ಸ್‌ನ ಲಾಸ್ ಬಾನ್ಯೋಸ್ ಎಂಬಲ್ಲಿನ ತಗ್ಗುಪ್ರದೇಶದ ಮಳೆಕಾಡಿನಲ್ಲಿ ಪೋರ್ಷಿಯಾ ಲೇಬಿಯಾಟಾ ಇದೆ. ಅದೇ ದೇಶದ ಸಗಾಡಾ ಎಂಬಲ್ಲಿನ ಎತ್ತರದ ಪೈನ್ ಕಾಡಿನಲ್ಲೂ ಅದೇ ಪ್ರಭೇದ ಇದೆ. ಎರಡಕ್ಕೂ ಇರುವ ದೊಡ್ಡ ವ್ಯತ್ಯಾಸ ನೆರೆಯವರದ್ದು. ಲಾಸ್ ಬಾನ್ಯೋಸ್‌ನಲ್ಲಿ ಸೈಟೋಡ್ಸ್ ಪ್ಯಾಲಿಡಾ ಎಂಬ ಉಗುಳುವ ಜೇಡ ವಾಸಿಸುತ್ತದೆ. ಇದು ಕೋರೆಗಳಿಂದ ಅಂಟುದ್ರವವನ್ನು ಚಿಮ್ಮಿಸಿ ಎದುರಿನ ಪ್ರಾಣಿಯನ್ನು ನಿಂತಲ್ಲೇ ಅಂಟಿಸಿಬಿಡುತ್ತದೆ. ಇದರ ಮುಖ್ಯ ಆಹಾರವೇ ಜಿಗಿಯುವ ಜೇಡಗಳು, ಅಂದರೆ ಪೋರ್ಷಿಯಾದ ಬಳಗ. ಪೋರ್ಷಿಯಾ ಇದನ್ನು ತಿನ್ನುತ್ತದೆ, ಇದು ಪೋರ್ಷಿಯಾವನ್ನು ತಿನ್ನುತ್ತದೆ.

ಲಾಸ್ ಬಾನ್ಯೋಸ್‌ನ ಪೋರ್ಷಿಯಾ ಈ ಜೇಡದ ಮುಖದ ಕಡೆಯಿಂದ ಹೋಗುವುದಿಲ್ಲ. ಎಷ್ಟೇ ಸುತ್ತಾದರೂ ಬಳಸಿಕೊಂಡು ಹಿಂದಿನಿಂದ ಬರುತ್ತದೆ. ಇದಕ್ಕೊಂದು ವಿನಾಯಿತಿ ಇದೆ, ಅದೇ ಇಲ್ಲಿನ ಸ್ವಾರಸ್ಯ. ಉಗುಳುವ ಜೇಡದ ಹೆಣ್ಣು ತನ್ನ ಮೊಟ್ಟೆಗಳನ್ನು ಬಾಯಿಯಲ್ಲಿ ಕಚ್ಚಿಕೊಂಡು ಓಡಾಡುತ್ತದೆ. ಬಾಯಿಯಲ್ಲಿ ಮೊಟ್ಟೆಯಿರುವಾಗ ಉಗುಳಲಾಗದು. ಉಗುಳಬೇಕಾದರೆ ಮೊದಲು ಮೊಟ್ಟೆ ಬಿಡಬೇಕು. ಅಂಥ ಹೆಣ್ಣು ಕಂಡಾಗ ಪೋರ್ಷಿಯಾ ಸುತ್ತುದಾರಿ ಬಿಟ್ಟು ನೇರವಾಗಿ, ಮುಖಾಮುಖಿಯಾಗಿಯೇ ಹೋಗುವುದು ಹೆಚ್ಚು. ಎದುರಿಗಿರುವುದು ಯಾವ ಜೇಡ ಎನ್ನುವುದಷ್ಟೇ ಅಲ್ಲ, ಈ ಹೊತ್ತಿನಲ್ಲಿ ಅದು ಎಷ್ಟು ಅಪಾಯಕಾರಿ ಎನ್ನುವುದೂ ನಡೆಯನ್ನು ತೀರ್ಮಾನಿಸುತ್ತದೆ.

ಸಗಾಡಾದಲ್ಲಿ ಉಗುಳುವ ಜೇಡ ಇಲ್ಲ. ಅಲ್ಲಿಯ ಪೋರ್ಷಿಯಾಗಳ ಮುಂದೆ ಅದನ್ನು ಇಟ್ಟಾಗ ಈ ಎಚ್ಚರ, ಈ ಲೆಕ್ಕ ಕಾಣಲಿಲ್ಲ. ಪರೀಕ್ಷಿಸಿದ್ದು ಪ್ರಯೋಗಾಲಯದಲ್ಲಿ ಒಂದೇ ಬಗೆಯಲ್ಲಿ ಸಾಕಿದ ಜೇಡಗಳನ್ನು. ಹಾಗಾಗಿ ಅನುಭವದಿಂದ ಕಲಿತ ವ್ಯತ್ಯಾಸ ಇದಲ್ಲ. ತಲೆಮಾರುಗಳಿಂದ ಆ ಕಾಡಿನಲ್ಲಿ ಬದುಕಿದ್ದರಿಂದ ರಕ್ತದಲ್ಲೇ ಬಂದದ್ದು.

ಈ ಎರಡು ಊರಿನ ಜೇಡಗಳ ನಡುವೆ ಇನ್ನೊಂದು ವ್ಯತ್ಯಾಸವೂ ಇದೆ, ಅದಕ್ಕೂ ಉಗುಳುವ ಜೇಡಕ್ಕೂ ಮೇಲ್ನೋಟಕ್ಕೆ ಸಂಬಂಧವಿಲ್ಲ. ತಟ್ಟೆಯಲ್ಲಿ ನೀರು ತುಂಬಿ ನಡುವೆ ಒಂದು ದ್ವೀಪ ಮಾಡಿ ಪೋರ್ಷಿಯಾವನ್ನು ಅಲ್ಲಿ ಬಿಡುತ್ತಾರೆ. ಪಾರಾಗಲು ಅದು ಹಾರಬಹುದು ಅಥವಾ ಈಜಬಹುದು. ಎರಡರಲ್ಲಿ ಯಾವುದನ್ನು ಮಾಡಿದರೂ ಒಮ್ಮೆಗೇ ದಡ ಮುಟ್ಟುವುದಿಲ್ಲ. ಯಾವ ಆಯ್ಕೆ ಗೆಲ್ಲಬೇಕು ಎಂದು ಪ್ರಯೋಗ ಮಾಡುವವರು ಮೊದಲೇ ನಿರ್ಧರಿಸಿರುತ್ತಾರೆ. ಜೇಡ ಅದನ್ನೇ ಮಾಡಿದರೆ ನೀರನ್ನು ತಳ್ಳಿ ಅದನ್ನು ಮುಂದಕ್ಕೆ ಸಾಗಿಸುತ್ತಾರೆ, ಇಲ್ಲದಿದ್ದರೆ ದ್ವೀಪಕ್ಕೇ ವಾಪಸು. 2001ರಲ್ಲಿ ಪೋರ್ಷಿಯಾ ಫಿಂಬ್ರಿಯಾಟಾ ಈ ಪರೀಕ್ಷೆಯಲ್ಲಿ ಸೋತ ಉಪಾಯವನ್ನು ಬದಲಿಸಿ, ಗೆದ್ದದ್ದನ್ನು ಮತ್ತೆ ಬಳಸಿತು. 2006ರ ಅಧ್ಯಯನದಲ್ಲಿ ಲಾಸ್ ಬಾನ್ಯೋಸ್‌ನ ಲೇಬಿಯಾಟಾಗಳೂ ಹಾಗೇ ಮಾಡಿದವು. ಸಗಾಡಾದವು ಮಾಡಲಿಲ್ಲ. ಬೇಟೆಗಳ ವೈವಿಧ್ಯ ಮತ್ತು ಅಪಾಯ ಹೆಚ್ಚಿರುವ ಕಾಡಿನಲ್ಲಿ ‘ಫಲಿಸದಿದ್ದರೆ ಬದಲಿಸು’ ಎಂಬ ಗುಣಕ್ಕೆ ಬೆಲೆ ಹೆಚ್ಚು. ಹಾಗೆ ಬಲಿತ ಗುಣ ಬೇಟೆಯಾಚೆಗೂ ಬಳಕೆಗೆ ಬರುತ್ತದೆ ಎಂದು ಇದನ್ನು ನಾನು ಓದುತ್ತೇನೆ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲೂ ಇಂಥದೇ ಚಿತ್ರ. ಅಲ್ಲಿ ಜಾಕ್ಸನಾಯ್ಡಿಸ್ ಕ್ವೀನ್ಸ್‌ಲ್ಯಾಂಡಿಕಸ್ ಎಂಬ ಜಿಗಿಯುವ ಜೇಡ ಹೇರಳ. ಅದಕ್ಕೂ ಒಳ್ಳೆಯ ಕಣ್ಣಿದೆ, ಹಾಗಾಗಿ ಬಲೆ ಮೀಟುವ ಉಪಾಯ ಅದರ ಮುಂದೆ ನಡೆಯುವುದಿಲ್ಲ. ಅಲ್ಲಿನ ಪೋರ್ಷಿಯಾ ಫಿಂಬ್ರಿಯಾಟಾ ಇದಕ್ಕೆಂದೇ ಬೇರೆ ನಡಿಗೆ ಇಟ್ಟುಕೊಂಡಿದೆ: ಸ್ಪರ್ಶಾಂಗಗಳನ್ನು ಹಿಂದಕ್ಕೆ ಎಳೆದು ಮರೆಮಾಡಿ, ಬಹಳ ನಿಧಾನವಾಗಿ ಹತ್ತಿರ ಹೋಗುತ್ತದೆ, ಬೇಟೆ ತನ್ನ ಕಡೆ ತಿರುಗಿದರೆ ಇದ್ದಲ್ಲೇ ಸ್ತಬ್ಧವಾಗುತ್ತದೆ, ಅದು ಮುಖ ತಿರುಗಿಸಿದ ಮೇಲೆ ಮತ್ತೆ ಹೊರಡುತ್ತದೆ. ಎದುರಿಗಿರುವುದು ಜಿಗಿಯುವ ಜೇಡವೇ ಎಂದು ಪೋರ್ಷಿಯಾ ಗುರುತಿಸುವುದು ಆ ಬೇಟೆಯ ಮುಂದಿನ ದೊಡ್ಡ ಕಣ್ಣುಗಳನ್ನು ನೋಡಿ ಎಂದು ಡುವೇನ್ ಹಾರ್ಲಂಡ್ ಮತ್ತು ಜಾಕ್ಸನ್ ತೋರಿಸಿದರು. ಶ್ರೀಲಂಕಾ, ಮಲೇಷ್ಯಾ ಮತ್ತು ಆಸ್ಟ್ರೇಲಿಯಾದ್ದೇ ಆದ ಉತ್ತರ ಪ್ರಾಂತ್ಯದಲ್ಲಿರುವ ಫಿಂಬ್ರಿಯಾಟಾಗಳಲ್ಲಿ ಈ ನಡಿಗೆ ಇಲ್ಲ.

ಕ್ವೀನ್ಸ್‌ಲ್ಯಾಂಡ್‌ನಲ್ಲೇ ಯೂರಿಯಾಟಸ್ ಎಂಬ ಇನ್ನೊಂದು ಜೇಡ ಇದೆ. ಅದರ ಹೆಣ್ಣು ಸುರುಳಿ ಸುತ್ತಿದ ಎಲೆಯನ್ನು ನೂಲುಗಳಿಂದ ತೂಗುಹಾಕಿ ಅದರೊಳಗೆ ವಾಸಿಸುತ್ತದೆ; ಗಂಡು ಬಂದಾಗ ಎಲೆಯನ್ನು ಅಲುಗಿಸಿ ತನ್ನ ಬರವನ್ನು ತಿಳಿಸುತ್ತದೆ. ಯೂರಿಯಾಟಸ್ ಇರುವ ಜಾಗದ ಪೋರ್ಷಿಯಾ ಎಲೆಯ ಮೇಲಿಳಿದು ಅದೇ ಬಗೆಯಲ್ಲಿ ಅಲುಗಿಸುತ್ತದೆ, ಹೆಣ್ಣು ಹೊರಬಂದಾಗ ಮೇಲೆ ಬೀಳುತ್ತದೆ. ಆದರೆ ಆ ಯೂರಿಯಾಟಸ್‌ಗಳೂ ಪೋರ್ಷಿಯಾವನ್ನು ಗುರುತಿಸಿ ಎದುರು ಬಿದ್ದು ಓಡಿಸುವ ಗುಣವನ್ನು ಬೆಳೆಸಿಕೊಂಡಿವೆ. ಯೂರಿಯಾಟಸ್ ಇಲ್ಲದ ಕಡೆಯ ಪೋರ್ಷಿಯಾಕ್ಕೆ ಈ ವಿದ್ಯೆ ಬರುವುದಿಲ್ಲ, ಪೋರ್ಷಿಯಾ ಕಾಣದ ಯೂರಿಯಾಟಸ್‌ಗೆ ಆ ಎಚ್ಚರ ಇರುವುದಿಲ್ಲ.

ದಾರಿ, ನೆನಪು, ಎಣಿಕೆ

‘ಯೋಜನೆ’ ಎಂಬ ಪದವನ್ನು ಜೇಡಕ್ಕೆ ಬಳಸಬಹುದೇ? ಮೈಕೇಲ್ ಟಾರ್ಸಿಟಾನೋ ಮತ್ತು ಜಾಕ್ಸನ್ 1997ರಲ್ಲಿ ಪ್ರಕಟಿಸಿದ ಪ್ರಯೋಗದ ತಿರುಳು ಹೀಗಿದೆ. ಎತ್ತರದ ಒಂದು ನೆಲೆಯಿಂದ ಜೇಡಕ್ಕೆ ಬೇಟೆ ಕಾಣುತ್ತದೆ, ಅಲ್ಲಿಗೆ ಹೋಗುವ ಎರಡು ದಾರಿಗಳೂ ಕಾಣುತ್ತವೆ; ಅವುಗಳಲ್ಲಿ ಒಂದು ಮಾತ್ರ ಬೇಟೆಯವರೆಗೆ ಮುಟ್ಟುತ್ತದೆ. ಕೆಳಗಿಳಿದ ಮೇಲೆ ಬೇಟೆ ಕಾಣುವುದಿಲ್ಲ. ಆದರೂ ಜೇಡಗಳು ಸರಿಯಾದ ದಾರಿಯನ್ನೇ ಹೆಚ್ಚಾಗಿ ಹಿಡಿದವು, ಅದಕ್ಕಾಗಿ ತಪ್ಪು ದಾರಿಯ ಬುಡವನ್ನು ದಾಟಿ ಹೋಗಬೇಕಾಗಿದ್ದರೂ ಸರಿ.

ಮೇಲೆ ಕೂತಾಗ ಅದು ಏನು ಮಾಡುತ್ತಿತ್ತು ಎನ್ನುವುದನ್ನು 1999ರಲ್ಲಿ ಟಾರ್ಸಿಟಾನೋ ಮತ್ತು ರಿಚರ್ಡ್ ಆಂಡ್ರೂ ಬಿಡಿಸಿ ನೋಡಿದರು. ಲೇಬಿಯಾಟಾ ನೋಟವನ್ನು ಬೇಟೆಯಿಂದ ಶುರು ಮಾಡಿ ದಾರಿಯಗುಂಟ ಹಿಂದಕ್ಕೆ ತರುತ್ತದೆ. ದಾರಿ ಕಡಿದುಹೋದಲ್ಲಿ ನೋಟ ಹಿಂತಿರುಗುತ್ತದೆ. ಅಖಂಡವಾಗಿರುವ ದಾರಿಯ ಮೇಲೆ ನೋಟ ಮತ್ತೆ ಮತ್ತೆ ಹರಿದು, ಕೊನೆಗೆ ಜೇಡ ಅತ್ತಲೇ ಹೊರಡುತ್ತದೆ. ಅಂದರೆ ಇಡೀ ನಕ್ಷೆಯನ್ನು ತಲೆಯಲ್ಲಿ ಬಿಡಿಸಿಕೊಳ್ಳಬೇಕಾಗಿಲ್ಲ. ‘ಎಳೆ ತುಂಡಾದರೆ ಹಿಂದಿರುಗು’ ಎಂಬಂಥ ಸರಳ ನಿಯಮ ಮತ್ತು ತಾಳ್ಮೆ ಸಾಕು. ಇದರಿಂದ ಪೋರ್ಷಿಯಾದ ಸಾಧನೆ ಕಿರಿದಾಗುವುದಿಲ್ಲ. ಹೊರಡುವ ಮೊದಲೇ ಆಯ್ಕೆ ನಡೆದಿದೆ, ಬೇಟೆ ಕಣ್ಮರೆಯಾದ ಮೇಲೂ ಅದು ಉಳಿದಿದೆ. ಹಾಗಾಗಿ ‘ಯೋಜನೆ’ ಎನ್ನಲು ನನಗೆ ಹಿಂಜರಿಕೆಯಿಲ್ಲ.

ಕಣ್ಮರೆಯಾದ ಬೇಟೆಯ ಬಗ್ಗೆ ಅದು ಏನನ್ನು ನೆನಪಿಡುತ್ತದೆ? ಇದನ್ನು ಫಿಯೋನಾ ಕ್ರಾಸ್ ಮತ್ತು ಜಾಕ್ಸನ್ ಪೋರ್ಷಿಯಾ ಆಫ್ರಿಕಾನಾದಲ್ಲಿ ಪರೀಕ್ಷಿಸಿದರು. ಜೇಡಕ್ಕೆ ಮೊದಲು ಇಷ್ಟು ಬೇಟೆಗಳೆಂದು ತೋರಿಸಿ, ಅದು ಸುತ್ತುದಾರಿಯಲ್ಲಿರುವಾಗ ಸಂಖ್ಯೆಯನ್ನು ಬದಲಿಸಿ, ದಾರಿಯ ಕೊನೆಯಲ್ಲಿ ಮತ್ತೆ ತೋರಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶ: 1 ಇದ್ದದ್ದು 2 ಆದಾಗ, 2 ಇದ್ದದ್ದು 3 ಆದಾಗ ಜೇಡದ ನಡೆ ಬದಲಾಯಿತು. 3 ಇದ್ದದ್ದು 4 ಅಥವಾ 6 ಆದಾಗ ಬದಲಾಗಲಿಲ್ಲ. ಬೇಟೆಯ ಗಾತ್ರ, ಜೋಡಣೆ ಬದಲಿಸಿ ಸಂಖ್ಯೆ ಹಾಗೇ ಇಟ್ಟಾಗಲೂ ಬದಲಾಗಲಿಲ್ಲ. ಒಂದು, ಎರಡು, ಆಮೇಲೆ ‘ಹಲವು’ ಎನ್ನುವುದು ಈ ಜೇಡದ ಎಣಿಕೆ.

ಇಷ್ಟು ಎಣಿಕೆಯಿಂದ ಅದಕ್ಕೇನು ಪ್ರಯೋಜನ ಎನ್ನುವುದಕ್ಕೆ ಉತ್ತರ ಕೀನ್ಯಾದ ವಿಕ್ಟೋರಿಯಾ ಸರೋವರದ ಬಳಿಯ ಮರಿಗಳಲ್ಲಿ ಸಿಗುತ್ತದೆ. ಅಲ್ಲಿ ಆಫ್ರಿಕಾನಾದ ಪುಟ್ಟ ಮರಿಗಳು ಓಯಿಕೋಬಿಯಸ್ ಎಂಬ ಸಣ್ಣ ಜೇಡದ ಗೂಡಿನ ಬಳಿ ಕಾದು ಕೂರುತ್ತವೆ. ಕೆಲವೊಮ್ಮೆ ಒಂದಕ್ಕಿಂತ ಹೆಚ್ಚು ಮರಿಗಳು ಒಂದೇ ಗೂಡಿನ ಪಕ್ಕದಲ್ಲಿರುತ್ತವೆ. ಒಂದು ಬೇಟೆ ಹಿಡಿದರೆ ಇನ್ನೊಂದೂ ಬಂದು ಅದರಲ್ಲೇ ಉಣ್ಣುತ್ತದೆ. ಕೂರುವ ಮುನ್ನ ಮರಿ ನೋಡುವುದು ಅಲ್ಲಿ ಆಗಲೇ ಎಷ್ಟು ಮರಿಗಳಿವೆ ಎಂದು. ಕ್ಸಿಮೆನಾ ನೆಲ್ಸನ್ ಮತ್ತು ಜಾಕ್ಸನ್ 2012ರಲ್ಲಿ ತೋರಿಸಿದಂತೆ, ಯಾರೂ ಇಲ್ಲದ ಗೂಡಿಗಿಂತ, ಎರಡು ಮೂರು ಮರಿಗಳಿರುವ ಗೂಡಿಗಿಂತ, ಒಂದೇ ಮರಿ ಕೂತಿರುವ ಗೂಡನ್ನೇ ಅದು ಆರಿಸಿಕೊಳ್ಳುವುದು ಹೆಚ್ಚು.